ಮೂರು ಬೆರಳು ಇಳಿಸಿದ ಗಾಡಿ

ನನ್ನ ಎತ್ತರ ಐದು ಅಡಿ ಒಂದು ಇಂಚು. ಅರ್ಜಿಗಳಲ್ಲಿ ಐದು ಅಡಿ ಎರಡು ಇಂಚು ಎಂದು ಬರೆಯುತ್ತೇನೆ. ಆ ಒಂದು ಇಂಚು ಪೂರ್ತಿ ಸುಳ್ಳಲ್ಲ, ತಲೆಯಲ್ಲಿ ಕೂದಲು ದಟ್ಟವಾಗಿದ್ದ ಕಾಲದ್ದು. ಈಗ ಕೂದಲು ಹೋಗಿದೆ, ಇಂಚನ್ನು ಬಿಟ್ಟುಕೊಡಲು ಮಾತ್ರ ಮನಸ್ಸು ಬಂದಿಲ್ಲ.

ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಕುಳ್ಳಗಿರುವುದು ಅಂಥ ತೊಂದರೆಯೇನೂ ಆಗಬಾರದಿತ್ತು. ನಮ್ಮ ತಾತನದು ಗುಳಿ ಮಗ್ಗ. ನೆಲದಲ್ಲಿ ಗುಳಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಗುಳಿಗೆ ಇಳಿದ ಮೇಲೆ ಉದ್ದದವನೂ ಒಂದೇ, ಕುಳ್ಳನೂ ಒಂದೇ, ಎಲ್ಲರೂ ಸೊಂಟದಿಂದ ಮೇಲೆ ಮಾತ್ರ ಕಾಣುತ್ತಾರೆ. ನಮ್ಮ ವಂಶದ ಗಂಡಸರು ಬೆಳೆಯುವ ಗೋಜಿಗೆ ಹೋಗದೆ ಇದ್ದದ್ದು ಇದೇ ಧೈರ್ಯದ ಮೇಲೆ ಇರಬೇಕು. ನನ್ನ ಕಾಲಕ್ಕೆ ಮನೆ ಹಿಂದಿನ ಶೆಡ್ಡಿಗೆ ಆರು ಪವರ್‌ಲೂಮ್ ಬಂದವು. ಕೂತು ಮಾಡುವ ಕೆಲಸ ನಿಂತು ಮಾಡುವ ಕೆಲಸವಾಯಿತು. ಗುಳಿಗಳನ್ನು ಮುಚ್ಚಿ ಗಾರೆ ಹಾಕಿಸಿದೆವು. ನನ್ನ ಕಷ್ಟ ಅಲ್ಲಿಂದ ಶುರುವಾಯಿತು.

ಹೆಂಡತಿ ನನಗಿಂತ ನಾಲ್ಕು ಬೆರಳು ಎತ್ತರ. ಹೆಣ್ಣು ನೋಡಲು ಹೋದಾಗ ಅವಳು ಚಾಪೆಯ ಮೇಲೆ ಕೂತಿದ್ದಳು, ನಾನು ಕುರ್ಚಿಯ ಮೇಲೆ ಕೂತಿದ್ದೆ. ಇಬ್ಬರೂ ಒಮ್ಮೆ ಎದ್ದು ನಿಲ್ಲಿ ಎಂದು ಯಾರೂ ಹೇಳಲಿಲ್ಲ. ಎಲ್ಲರಿಗೂ ಗೊತ್ತಾಗಿದ್ದು ಮುಹೂರ್ತದ ಹೊತ್ತಿಗೆ. ನಮ್ಮಲ್ಲಿ ಗಂಡು ಹೆಣ್ಣು ಮಣೆಯ ಮೇಲೆ ಎದುರುಬದುರು ನಿಂತು, ನಡುವೆ ಹಿಡಿದ ಅಂತರಪಟ ಸರಿದ ತಕ್ಷಣ ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಇಡಬೇಕು. ಪಟದ ಆಚೆಯಿಂದ ಅವಳ ಹಣೆ, ಬಾಸಿಂಗ ಎಲ್ಲ ಕಾಣುತ್ತಿದ್ದವು. ಈಚೆಯಿಂದ ನನ್ನ ಪೇಟದ ತುದಿಯಷ್ಟೇ ಕಾಣುತ್ತಿತ್ತಂತೆ. ಅವಳ ದೊಡ್ಡಪ್ಪ ಓಡಿಹೋಗಿ ಇನ್ನೊಂದು ಮಣೆ ತಂದು ನನ್ನ ಕಾಲಡಿ ಇಟ್ಟರು. ವಿಡಿಯೋದವನು, "ಇನ್ನೊಂದ್ ಹಾಕಿ ಸಾರ್, ಸಾಲ್ತಿಲ್ಲ" ಎಂದ. ಜನ ನಕ್ಕರು. ನನಗೆ ರೇಗಿತು, ಮೂರನೆಯದು ಬೇಡವೇ ಬೇಡ ಎಂದೆ.

ಪಟ ಸರಿದಾಗ ನೋಡಿದರೆ ಅವಳೂ ನಾನೂ ಸರಿಸಮ. ಆ ಕ್ಷಣದ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನಡುಮನೆಯಲ್ಲಿ ತೂಗುಹಾಕಿದ್ದೇನೆ. ಬಂದವರಿಗೆಲ್ಲ ತೋರಿಸಿ, "ನೋಡಿ, ಎತ್ತರ ಅನ್ನೋದೆಲ್ಲ ಎರಡು ಮಣೆ ವಿಷ್ಯ ಅಷ್ಟೆ" ಎನ್ನುವುದು ನನ್ನ ಅಭ್ಯಾಸ. ಹಾಗೆನ್ನುವಾಗೆಲ್ಲ ಹೆಂಡತಿ ಕಾಫಿ ತರುತ್ತೇನೆಂದು ಒಳಗೆ ಹೋಗುತ್ತಾಳೆ. ಮದುವೆಯಾದ ದಿನದಿಂದ ಅವಳು ಹಾಕುವುದು ನೆಲಕ್ಕೆ ಅಂಟಿಕೊಂಡ ಚಪ್ಪಟೆ ಚಪ್ಪಲಿ. ಅವಳಿಗೆ ಅಂಥದ್ದೇ ಇಷ್ಟ ಎಂದುಕೊಂಡಿದ್ದೆ.

ಇಪ್ಪತ್ತು ವರ್ಷ ನಾನು ಮೊಪೆಡ್ ಓಡಿಸಿದೆ. ಮುಂದೆ ಸೀರೆ ಗಂಟು, ಹಿಂದೆ ಹೆಂಡತಿ. ಗಂಟು ದೊಡ್ಡದಾದ ದಿನ ಮೊಪೆಡ್ಡಿನ ಮೇಲೆ ಗಂಟು ಮತ್ತು ಅವಳು ಮಾತ್ರ ಕಾಣುತ್ತಿದ್ದರು, ಓಡಿಸುವವನು ಯಾರು ಎಂದು ಜನ ಹುಡುಕಬೇಕಿತ್ತು. ನಲವತ್ತಾರನೆಯ ವಯಸ್ಸಿಗೆ ನನಗೆ ದೊಡ್ಡ ಗಾಡಿಯ ಹುಚ್ಚು ಹಿಡಿಯಿತು. ಗುಡುಗುಡು ಎಂದು ಬೀದಿಯ ಆ ತುದಿಯಿಂದಲೇ ಸದ್ದು ಬರುವಂಥ ಗಾಡಿ ಬೇಕು. ಸದ್ದು ಕೇಳಿದವರು ಯಾರೋ ಭಾರಿ ಆಳು ಬಂದ ಎಂದು ತಿರುಗಿ ನೋಡಬೇಕು. ನೋಡಿದ ಮೇಲೆ ಏನಾಗುತ್ತದೆ ಎಂಬಲ್ಲಿಗೆ ನನ್ನ ಯೋಚನೆ ಹೋಗಿರಲಿಲ್ಲ.

ಹೆಂಡತಿಯ ತವರು ದೇವನಹಳ್ಳಿ. ಅಲ್ಲಿ ಜಮೀನು ಮಾರಿದವರೊಬ್ಬರು ಇಂಥ ಗಾಡಿ ಕೊಂಡು, ಆರು ತಿಂಗಳಿಗೆ ಬೇಸರವಾಗಿ ಜೀಪು ತೆಗೆದುಕೊಂಡಿದ್ದರು. ಗಾಡಿ ಮಾರಾಟಕ್ಕಿದೆ ಎಂದು ಬಾಮೈದ ಫೋನು ಮಾಡಿದ. ಹೋಗಿ ನೋಡಿದೆ. ಸೀಟು ನನ್ನ ಹೊಟ್ಟೆಯವರೆಗೆ ಬಂತು. ಅಂದೇ ಕೊಂಡೆ. ಊರಿಗೆ ಹೊರಟಾಗ ಬಾಮೈದ ಓಡಿಸಿದ, ನಾನು ಹಿಂದೆ ಕೂತೆ. ಹಿಂದಿನ ಸೀಟು ಆರಾಮಾಗಿದೆಯೋ ಇಲ್ಲವೋ ನೋಡಬೇಕಲ್ಲ ಎಂದು ಅವನಿಗೆ ಹೇಳಿದೆ. ಅವನು ಒಳ್ಳೆಯವನು, ನಂಬಿದಂತೆ ತಲೆಯಾಡಿಸಿದ.

ಓಡುವಾಗ ಏನೂ ತೊಂದರೆಯಿಲ್ಲ. ತೊಂದರೆಯೆಲ್ಲ ನಿಲ್ಲುವುದರಲ್ಲಿ. ಎಡಗಾಲಿನ ಹೆಬ್ಬೆರಳು ನೆಲಕ್ಕೆ ತಾಗಿದರೆ ಬಲಗಾಲು ಗಾಳಿಯಲ್ಲಿ, ಬಲಗಾಲು ತಾಗಿದರೆ ಎಡಗಾಲು ಗಾಳಿಯಲ್ಲಿ. ಆದ್ದರಿಂದ ಊರಿನಲ್ಲಿ ಎಲ್ಲೆಲ್ಲಿ ಕಾಲಿಡಲು ಕಲ್ಲು, ಮೆಟ್ಟಿಲು, ಜಗಲಿ ಇದೆ ಎಂದು ಗುರುತು ಮಾಡಿಕೊಂಡೆ. ತಾಲ್ಲೂಕು ಕಚೇರಿಯ ಮುಂದೆ ಒಂದು ಮುರುಕು ಚಪ್ಪಡಿ, ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಟೀ ಅಂಗಡಿಯ ಕಟ್ಟೆ, ಬಸ್ ನಿಲ್ದಾಣದ ಹತ್ತಿರ ಫುಟ್‌ಪಾತಿನ ಅಂಚು. ಅಲ್ಲಿ ಮಾತ್ರ ನಿಲ್ಲುತ್ತಿದ್ದೆ. ಪರಿಚಯದವರು ಬೇರೆಲ್ಲಾದರೂ ಕೈ ಬೀಸಿ ಕರೆದರೆ ನಿಲ್ಲಿಸದೆ ಹೋಗುತ್ತಿದ್ದೆ. ದೊಡ್ಡ ಗಾಡಿ ತಗೊಂಡ ಮೇಲೆ ಇವನಿಗೆ ಧಿಮಾಕು ಬಂತು ಎಂದು ಸುದ್ದಿಯಾಯಿತು. ನಿಜ ಹೇಳುವುದಕ್ಕಿಂತ ಅದೇ ಮೇಲು ಎಂದು ಸುಮ್ಮನಿದ್ದೆ.

ನಾಲ್ಕನೆಯ ದಿನ ಹೆಂಡತಿಯನ್ನು ಕೂರಿಸಿಕೊಂಡು ಪೆಟ್ರೋಲ್ ಬಂಕಿಗೆ ಹೋದೆ. ಬಂಕಿನಲ್ಲಿ ಕಟ್ಟೆಯಿರುವ ಕಡೆಗೆ ಇನ್ನೊಬ್ಬ ನಿಂತಿದ್ದ. ನಾನು ಬಯಲಲ್ಲಿ ನಿಲ್ಲಿಸಿ, ಎಡಗಾಲು ಚಾಚಿ, ನೆಲ ಹುಡುಕಿದೆ. ನೆಲ ಸಿಗಲಿಲ್ಲ. ಗಾಡಿ ನಿಧಾನವಾಗಿ ವಾಲಿತು, ತೀರ ನಿಧಾನವಾಗಿ, ಬೀಳುತ್ತಿದ್ದೇನೆಂದು ತಿಳಿದು "ಬೀಳ್ತಿದೀವಿ ಕಣೇ" ಎಂದು ಹೇಳುವಷ್ಟು ಸಮಯವಿತ್ತು. ಅವಳ ಮೊಣಕೈ ತರಚಿತು. ಎದ್ದು ಸೆರಗು ಕೊಡವಿಕೊಂಡು ಅವಳು ಹೇಳಿದ್ದು ಒಂದೇ ಮಾತು.

"ನೋಡ್ರೀ, ನಿಮ್ ಎರಡೂ ಕಾಲು ನೆಲಕ್ಕೆ ಸಿಗೋವರ್ಗೂ ನಾನ್ ಇದ್ರ ಮೇಲೆ ಕೂರಲ್ಲ."

ಅಲ್ಲಿಂದ ನಡೆದೇ ಮನೆಗೆ ಹೋದಳು. ಅದಾದ ಮೇಲೆ ಎಲ್ಲಿಗೆ ಹೋಗಬೇಕಾದರೂ ಬಸ್ಸು ಹತ್ತುತ್ತಿದ್ದಳು. ನಾನು ಗಾಡಿಯಲ್ಲಿ ಬಸ್ಸಿನ ಹಿಂದೆಯೇ ಹೋಗುತ್ತಿದ್ದೆ. ಇಪ್ಪತ್ತು ವರ್ಷ ಬೆನ್ನ ಹಿಂದೆ, "ನಿಧಾನ, ಹಂಪಿದೆ, ಎಮ್ಮೆ ಬರ್ತಿದೆ" ಎನ್ನುತ್ತಿದ್ದ ದನಿ ಇಲ್ಲದೆ ಹೋದದ್ದು ನನಗೆ ಬಹಳ ಬೇಜಾರಾಯಿತು. ಅಷ್ಟು ದೊಡ್ಡ ಸೀಟಿನ ಮೇಲೆ ಒಬ್ಬನೇ ಕೂತು, ಬಸ್ಸಿನ ಕಿಟಕಿಯಲ್ಲಿ ಅವಳ ಜಡೆ ನೋಡಿಕೊಂಡು ಹೋಗುವುದು ಯಾವ ಸುಖ? ಬರುವ ಭಾನುವಾರ ದೇವನಹಳ್ಳಿಯಲ್ಲಿ ಅವಳ ಅಣ್ಣನ ಮಗಳ ನಿಶ್ಚಿತಾರ್ಥವಿತ್ತು. ಅಷ್ಟರೊಳಗೆ ಕಾಲು ನೆಲಕ್ಕೆ ಸಿಗಬೇಕು, ಅವಳು ನನ್ನ ಹಿಂದೆ ಕೂತು ತವರಿಗೆ ಬರಬೇಕು ಎಂದು ಹಟ ಹಿಡಿದೆ.

ನೆಲಮಂಗಲ ರಸ್ತೆಯಲ್ಲಿ ಗಾಡಿ ತಗ್ಗಿಸಿಕೊಡುವ ಮೆಕ್ಯಾನಿಕ್ ಒಬ್ಬರಿದ್ದಾರೆಂದು ತಿಳಿದು ಹೋದೆ. ಆರಡಿ ಮೇಲಿನ ಮನುಷ್ಯ. ನನ್ನನ್ನೊಮ್ಮೆ ಗಾಡಿಯನ್ನೊಮ್ಮೆ ನೋಡಿ, ಏನೂ ಕೇಳದೆ ಅರ್ಥ ಮಾಡಿಕೊಂಡರು.

"ಎಷ್ಟ್ ಇಳಿಸ್ಬೇಕಣ್ಣ?"

"ಮೂರ್ ಬೆರಳು."

ಇಲ್ಲಿ ನಮ್ಮಪ್ಪನ ವಿಷಯ ಹೇಳಬೇಕು. ಸೀರೆಯ ಅಂಚನ್ನು ನಾವು ಇವತ್ತಿಗೂ ಬೆರಳಿನಲ್ಲೇ ಹೇಳುವುದು. ಎರಡು ಬೆರಳು ಅಂಚು, ನಾಲ್ಕು ಬೆರಳು ಅಂಚು. ಅಪ್ಪ ಬೆಂಗಳೂರಿನ ಪೇಟೆಗೆ ಹೋದಾಗ ಅಂಗಡಿಯವರು "ಮೂರು ಬೆರಳು" ಎಂದರೆ ಅಷ್ಟಕ್ಕೆ ಎದ್ದು ಬರುತ್ತಿರಲಿಲ್ಲ. ಜೇಬಿನಿಂದ ನೂಲು ತೆಗೆದು, "ಸಾವ್ಕಾರ್ರೇ, ಕೈ ಕೊಡಿ" ಎಂದು ಅವರ ಮೂರು ಬೆರಳಿನ ಅಗಲಕ್ಕೆ ಹಿಡಿದು, ಎರಡು ಗಂಟು ಹಾಕಿಕೊಂಡು ಬರುತ್ತಿದ್ದರು. ಒಬ್ಬರ ಬೆರಳಿನಂತೆ ಇನ್ನೊಬ್ಬರದಿಲ್ಲ ಎನ್ನುವುದು ನಮ್ಮ ಬೀದಿಯಲ್ಲಿ ಮಗ್ಗದ ಪಕ್ಕ ಆಡುವ ಮಕ್ಕಳಿಗೂ ಗೊತ್ತು. ಅಂಥವರ ಮಗ ನಾನು, ಮೂರು ಬೆರಳು ಎಂದು ಬಾಯಲ್ಲಿ ಹೇಳಿ ಟೀ ಕುಡಿಯಲು ಹೋದೆ.

ನಾನು ಹೇಳಿದ್ದು ನನ್ನ ಬೆರಳು. ಅವರು ಇಟ್ಟು ನೋಡಿದ್ದು ಅವರ ಬೆರಳು. ಅವರ ಒಂದೊಂದು ಬೆರಳೂ ನನ್ನ ಎರಡರಷ್ಟು ದಪ್ಪವಿತ್ತು.

ಸಂಜೆ ಹೋದಾಗ ಗಾಡಿ ನೆಲಕ್ಕೆ ಕುಕ್ಕರಿಸಿತ್ತು. ಸೀಟಿನ ಫೋಮು ಕೆತ್ತಿ, ಹಿಂದೆ ಗಿಡ್ಡನೆಯ ಶಾಕ್ ಅಬ್ಸಾರ್ಬರ್ ಹಾಕಿ, ಮುಂದಿನ ಫೋರ್ಕನ್ನೂ ಕ್ಲಾಂಪಿನಲ್ಲಿ ಮೇಲೆ ಸರಿಸಿದ್ದರು. ಹತ್ತಿ ಕೂತೆ. ಎರಡೂ ಪಾದ ಪೂರ್ತಿ ನೆಲದ ಮೇಲೆ, ಮಂಡಿ ಬೇರೆ ಮಡಚಿತ್ತು. ಮಂಡಿ ಮಡಚಿ ಕೂರುವ ಭಾಗ್ಯ ನನಗೆ ಯಾವ ಗಾಡಿಯ ಮೇಲೂ ಸಿಕ್ಕಿರಲಿಲ್ಲ. ತುಸು ಜಾಸ್ತಿಯೇ ಇಳಿದಿದೆ ಎಂದು ಅನ್ನಿಸಿದರೂ ಖುಷಿಯಲ್ಲಿ ಬಾಯಿ ಬಿಡಲಿಲ್ಲ.

"ಅಣ್ಣ, ಸೈಡ್ ಸ್ಟ್ಯಾಂಡು ಈಗ ಉದ್ದ ಆಗೋಯ್ತು. ಕಟ್ ಮಾಡಿ ವೆಲ್ಡಿಂಗ್ ಹಾಕ್ಬೇಕು. ವೆಲ್ಡಿಂಗ್‌ನೋನು ಸೋಮವಾರ ಸಿಕ್ತಾನೆ. ಅಲ್ಲೀವರ್ಗೂ ಗೋಡೆಗೆ ಒರಗಿಸ್ಬಿಡಿ" ಎಂದರು ಮೆಕ್ಯಾನಿಕ್. ಹೂಂ ಎಂದೆ. ನನ್ನ ಗಮನ ಕಾಲಿನ ಮೇಲಿತ್ತು. ಊರಿಗೆ ಬರುವ ದಾರಿಯಲ್ಲಿ ಕೆಂಪು ದೀಪಕ್ಕೆ ನಿಂತೆ. ಹಸಿರು ಬಂದರೂ ಹೊರಡಲು ಮನಸ್ಸಾಗಲಿಲ್ಲ. ಹಿಂದಿನವನು ಹಾರನ್ ಹೊಡೆದು, "ಏನ್ ಗುರು, ಇಲ್ಲೇ ಮನೆ ಮಾಡ್ತೀಯಾ?" ಎಂದ.

ಭಾನುವಾರ ಬೆಳಿಗ್ಗೆ ಹೆಂಡತಿ ಬಾಯಿಮಾತಿಗೆ ಒಪ್ಪಲಿಲ್ಲ. ಶೆಡ್ಡಿನಿಂದ, ಸೀರೆಗೆ ಚಿತ್ತಾರ ಮೂಡಿಸುವ ಜಕಾರ್ಡಿನ ತೂತು ರಟ್ಟು ಒಂದನ್ನು ತಂದು, ರೇಷ್ಮೆ ಸೀರೆಯಲ್ಲೇ ಬಗ್ಗಿ, ನನ್ನ ಎರಡೂ ಹಿಮ್ಮಡಿಯ ಕೆಳಗೆ ತೂರಿಸಿ ನೋಡಿದಳು. ರಟ್ಟು ಒಳಗೆ ಹೋಗಲಿಲ್ಲ. ಸರಿ ಎಂದು ಒಂದು ಪಕ್ಕಕ್ಕೆ ತಿರುಗಿ ಕೂತಳು. ಬೆನ್ನ ಹಿಂದೆ ಅವಳ ಭಾರ ಬಿದ್ದ ಕೂಡಲೇ ಕನ್ನಡಿಯನ್ನು ಅವಳ ಮುಖ ಕಾಣುವಂತೆ ತಿರುಗಿಸಿಕೊಂಡೆ. ಆಮೇಲೆ ಎಕ್ಸಿಲರೇಟರ್ ತಿರುವಿದೆ.

ಮೊದಲ ಹಂಪಿನಲ್ಲಿ ಗಾಡಿಯ ಹೊಟ್ಟೆ ಕರ್ರ್ ಎಂದು ನೆಲಕ್ಕೆ ಉಜ್ಜಿತು. ಸೀರೆ ಉಟ್ಟವರು ಕಾಲಿಡಲು ಪಕ್ಕದಲ್ಲಿ ಒಂದು ಕಬ್ಬಿಣದ ಪಟ್ಟಿ ಇರುತ್ತದಲ್ಲ, ಅದೂ ಉಜ್ಜಿತು. ಬಗ್ಗಿ ನೋಡಿದರೆ ಅವಳ ಚಪ್ಪಲಿಗೂ ರಸ್ತೆಗೂ ನಡುವೆ ಗೇಣು ಜಾಗವಿರಲಿಲ್ಲ. ಅವಳು ಕಾಲನ್ನು ಪಟ್ಟಿಯ ಮೇಲಿಡದೆ, ಮಂಡಿ ಮಡಚಿ ಮೇಲಕ್ಕೆತ್ತಿಕೊಂಡು ಕೂತಳು. ಹಂಪ್ ಬಂದಾಗಲೆಲ್ಲ ನಾನು ನಿಲ್ಲಿಸುವುದು, ಅವಳು ಇಳಿಯುವುದು, ನಾನು ಗಾಡಿಯನ್ನು ಓರೆಯಾಗಿ ದಾಟಿಸುವುದು, ಅವಳು ನಡೆದು ಬಂದು ಹತ್ತುವುದು. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹನ್ನೊಂದು ಹಂಪ್ ಇವೆ. ಮೊಪೆಡ್ಡಿನಲ್ಲಿ ಓಡಾಡುವಾಗ ಯಾವತ್ತೂ ಎಣಿಸಿರಲಿಲ್ಲ. ಏಳನೆಯ ಹಂಪಿನ ಹತ್ತಿರ ರಾಗಿ ಒಣಗಿಸುತ್ತಿದ್ದ ಅಜ್ಜಿಯೊಬ್ಬರು ಅವಳಿಗೆ, "ಯಾಕವ್ವಾ, ಗಂಡನ್ ಜೊತೆ ಜಗಳನಾ?" ಎಂದು ಕೇಳಿದರು.

"ಇಲ್ಲ ಅಜ್ಜಿ, ಗಾಡಿ ಹೊಸ್ದು" ಎಂದಳು ಇವಳು. ಅದೆಂಥ ಉತ್ತರವೋ, ಅಜ್ಜಿಗೆ ಸಮಾಧಾನವಾಯಿತು.

ತವರಿನ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಶಾಮಿಯಾನ ಹಾಕಿದ್ದರು. ಗುಡುಗುಡು ಸದ್ದಿಗೆ ನೆಂಟರೆಲ್ಲ ತಿರುಗಿ ನೋಡಿದರು. ಇಪ್ಪತ್ತು ವರ್ಷದಿಂದ ಕಾಯುತ್ತಿದ್ದ ಗಳಿಗೆ. ಅವಳನ್ನು ಇಳಿಸಿ, ಎರಡೂ ಕಾಲು ನೆಲಕ್ಕೆ ಕಾಣುವಂತೆ ಊರಿ, ಬೇಕೆಂದೇ ಸ್ವಲ್ಪ ಹೊತ್ತು ಕೂತೇ ಇದ್ದೆ. ಆಮೇಲೆ ಗತ್ತಿನಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ, ಕೀಲಿ ಬೆರಳಿಗೆ ಸಿಕ್ಕಿಸಿಕೊಂಡು, ಹಿಂದೆ ನೋಡದೆ ನಡೆದೆ. ಗೋಡೆಗೆ ಒರಗಿಸಿ ಎಂದ ಮೆಕ್ಯಾನಿಕ್ ನೆನಪಾಗುವಷ್ಟರಲ್ಲಿ ಹಿಂದೆ ಧಡ್ ಎಂದಿತು. ಗಾಡಿ ತಗ್ಗಿದ್ದರಿಂದ ಸ್ಟ್ಯಾಂಡು ಅದನ್ನು ನೆಟ್ಟಗೆ ನಿಲ್ಲಿಸಿ, ಗಾಳಿ ಬಂದ ಕೂಡಲೇ ಆಚೆ ಕಡೆಗೆ ದೂಡಿತ್ತು. ಅಲ್ಲಿ ನೆಂಟರೆಲ್ಲರ ಚಪ್ಪಲಿಗಳಿದ್ದವು. ಗಂಡಿನ ಕಡೆಯವರ ಹೊಸ ಬೂಟುಗಳೂ ಇದ್ದವು.

ಮೊದಲು ಬಂದವರು ಹೆಂಡತಿಯ ದೊಡ್ಡಪ್ಪ, ಮದುವೆಯಲ್ಲಿ ಮಣೆ ತಂದವರು. ಎಂಬತ್ತರ ಹತ್ತಿರದ ವಯಸ್ಸು, ಕೈಮಗ್ಗ ನೇಯ್ದು ಗಟ್ಟಿಯಾದ ಮೈ. ನಾಲ್ಕು ಜನ ಸೇರಿ ಗಾಡಿ ಎತ್ತಿದರು. ಅವರು ಸ್ಟ್ಯಾಂಡನ್ನೊಮ್ಮೆ, ನೆಲವನ್ನೊಮ್ಮೆ ನೋಡಿ, ಶಾಮಿಯಾನದವರ ಹಾರೆ ತರಿಸಿ ನೆಲದಲ್ಲಿ ಒಂದು ಗುಳಿ ತೋಡಿದರು. ಸ್ಟ್ಯಾಂಡಿನ ತುದಿಯನ್ನು ಅದರೊಳಗೆ ಇಳಿಸಿದಾಗ ಗಾಡಿ ಎಡಕ್ಕೆ ವಾಲಿ ಭದ್ರವಾಗಿ ನಿಂತಿತು.

"ನೋಡ್ರಪ್ಪಾ, ಕಾಲು ಉದ್ದ ಆದ್ರೆ ಗುಳಿ ತೋಡ್ಬೇಕು. ಇಷ್ಟೂ ಗೊತ್ತಾಗ್ಲಿಲ್ವಾ? ಎಷ್ಟ್ ಇಳಿಸಿದ್ರಿ ಅಳಿಯಂದ್ರೇ?"

"ಮೂರ್ ಬೆರಳು, ಮಾವ."

"ಯಾರ್ ಬೆರಳು?"

ಅಲ್ಲಿದ್ದವರಲ್ಲಿ ಮುಕ್ಕಾಲು ಪಾಲು ನೇಕಾರರು. ಆ ಪ್ರಶ್ನೆಗೆ ನಾನು ನನ್ನ ಮೂರು ಬೆರಳನ್ನೇ ನೋಡಿಕೊಂಡದ್ದನ್ನು ಕಂಡು, ಶಾಮಿಯಾನ ಹಾರಿಹೋಗುವಂತೆ ನಕ್ಕರು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ. ದೊಡ್ಡಪ್ಪ ಮಾತ್ರ ನಗಲಿಲ್ಲ. ಕುರ್ಚಿಯಲ್ಲಿ ಕೂತು ಮಂಡಿ ಉಜ್ಜಿಕೊಳ್ಳುತ್ತಿದ್ದ ನನ್ನ ಹೆಂಡತಿಯ ಕಡೆ ನೋಡಿ, "ಪಾಪ, ಈ ಮಗು ಅವತ್ತು ಧಾರೇಲೂ ಮಂಡಿ ಮಡಚ್ಕೊಂಡೇ ನಿಂತಿತ್ತು, ಇವತ್ತೂ ಮಂಡಿ ಮಡಚ್ಕೊಂಡೇ ಬಂತು" ಎಂದರು. ಅವಳು, "ಸುಮ್ನಿರಿ ದೊಡ್ಡಪ್ಪ" ಎಂದಳು.

ಊಟದಲ್ಲಿ ಹೋಳಿಗೆ ಬಡಿಸಿದ್ದರು. ಏನು ತಿಂದೆನೋ ನೆನಪಿಲ್ಲ.

ಮನೆಗೆ ಬಂದವನೇ ನಡುಮನೆಯ ಫೋಟೋದ ಮುಂದೆ ನಿಂತೆ. ದಿನಾ ನೋಡುವ ಫೋಟೋ, ಆದರೆ ನಾನು ನೋಡುತ್ತಿದ್ದದ್ದು ಎರಡು ತಲೆಗಳನ್ನು ಮಾತ್ರ. ಈಗ ಕೆಳಗೆ ನೋಡಿದೆ. ಧಾರೆ ಸೀರೆಯ ನೆರಿಗೆ ನೇರವಾಗಿ ಇಳಿದಿರಲಿಲ್ಲ. ಮಂಡಿಯ ಹತ್ತಿರ ಮುಂದಕ್ಕೆ ಉಬ್ಬಿತ್ತು. ಬಟ್ಟೆ ಹೇಗೆ ಬೀಳುತ್ತದೆ ಎಂದು ನೋಡಿಯೇ ಹೊಟ್ಟೆ ಹೊರೆಯುವವನು ನಾನು, ಇಪ್ಪತ್ತು ವರ್ಷ ಇದು ಕಣ್ಣಿಗೆ ಬಿದ್ದಿರಲಿಲ್ಲ.

"ನೀನು ಬಗ್ಗಿದ್ಯಾ ಅವತ್ತು?" ಎಂದು ಕೇಳಿದೆ.

"ಮೂರನೇ ಮಣೆ ಬೇಡ ಅಂದ್ರಲ್ಲ ನೀವು. ಮುಖ ಕೆಂಪಗಾಗಿತ್ತು. ನಾನೇನ್ ಮಾಡ್ಲಿ?" ಎಂದಳು. "ಮುಗಿಯೋವರ್ಗೂ ಕಾಲು ನಡುಗ್ತಿತ್ತು" ಎಂದೂ ಸೇರಿಸಿದಳು.

"ಹಾಗಾದ್ರೆ ಈ ಚಪ್ಪಟೆ ಚಪ್ಪಲಿ?"

"ಹಿಮ್ಮಡಿ ಇರೋದು ಹಾಕ್ಕೊಂಡಿದ್ರೆ ನೀವು ನನ್ ಪಕ್ಕ ನಡೀತಿದ್ರಾ?"

ನಡೆಯುತ್ತಿರಲಿಲ್ಲ. ಚಪ್ಪಟೆ ಚಪ್ಪಲಿಯಲ್ಲೇ ಇದ್ದಾಗಲೂ ಪೇಟೆಯಲ್ಲಿ ನಾನು ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದೆ, ಅವಸರವಿದ್ದವನಂತೆ. ನಾಚಿಕೆಯಿಂದ ತಲೆ ತಗ್ಗಿಸಿದೆ. ತಗ್ಗಿಸಲು ಹೆಚ್ಚೇನೂ ಇರಲಿಲ್ಲ. ಇಷ್ಟು ವರ್ಷ ಎರಡು ಮಣೆಯ ಮಾತು ಹೇಳಿದಾಗಲೆಲ್ಲ ಇವಳು ಕಾಫಿಗೆಂದು ಒಳಗೆ ಹೋಗುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು.

ಸೋಮವಾರ ಅವಳೂ ನನ್ನ ಜೊತೆ ಮೆಕ್ಯಾನಿಕ್ ಹತ್ತಿರ ಬಂದಳು. ಸೆರಗಿನ ತುದಿಗೆ ಕಟ್ಟಿಕೊಂಡಿದ್ದ ಒಂದು ನೂಲನ್ನು ಬಿಚ್ಚಿ ಕೊಟ್ಟಳು. ಅದರಲ್ಲಿ ಎರಡು ಗಂಟುಗಳಿದ್ದವು.

"ಇಷ್ಟು ಮೇಲೆತ್ತಿ. ಇದು ನನ್ ಬೆರಳು, ನಾಲ್ಕು."

ಮೆಕ್ಯಾನಿಕ್ ಅಳತೆ ಹಿಡಿದು ನೋಡಿ, "ಇಷ್ಟ್ ಎತ್ತಿದ್ರೆ ಅಣ್ಣಂದು ಎರಡೂ ಕಾಲು ಸಿಗಲ್ಲಕ್ಕ. ಒಂದು ಸಿಗುತ್ತೆ ಅಷ್ಟೆ" ಎಂದರು.

ನಾನು ಅವಳ ಮುಖ ನೋಡಿದೆ. ಎರಡೂ ಕಾಲು ಸಿಗೋವರೆಗೂ ಕೂರುವುದಿಲ್ಲ ಎಂದವಳು ಅವಳೇ.

"ಎರಡು ಕಾಲು ತಾನೇ ಬೇಕಾಗಿರೋದು?" ಎಂದಳು. "ಒಂದು ಅವರು ಇಡ್ಲಿ. ಇನ್ನೊಂದು ನಾನ್ ಇಡ್ತೀನಿ."

ಸ್ಟ್ಯಾಂಡಿಗೆ ವೆಲ್ಡಿಂಗ್ ಹಾಕುವಷ್ಟರಲ್ಲಿ ಅವಳು ಎದುರಿನ ಚಪ್ಪಲಿ ಅಂಗಡಿಗೆ ಹೋಗಿ ಬಂದಳು. ಕಾಲಲ್ಲಿ ಹೊಸ ಚಪ್ಪಲಿ, ಮೂರು ಬೆರಳು ಹಿಮ್ಮಡಿ. ಯಾರ ಬೆರಳೆಂದು ನಾನು ಕೇಳಲಿಲ್ಲ. "ಗಾಡಿ ಮೇಲೇರಿತಲ್ಲ, ನನ್ ಕಾಲು ನೆಲಕ್ಕೆ ಸಿಗ್ಬೇಕಲ್ಲ" ಎಂದಳು. ನಡಿಗೆ ಅಭ್ಯಾಸವಿಲ್ಲದೆ ತುಸು ಓಲಾಡುತ್ತಿದ್ದಳು.

ಈಗ ಹೆದ್ದಾರಿಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದರೆ ನಾನು ಎಡಗಾಲು ಊರುತ್ತೇನೆ. ಅದರ ಹಿಂದೆಯೇ ಟಕ್ ಎಂದು ಇನ್ನೊಂದು ಕಾಲು ಇಳಿಯುತ್ತದೆ. "ಹೂಂ, ಇಟ್ಟಿದೀನಿ" ಎನ್ನುತ್ತಾಳೆ. ಗಾಡಿ ಅಲುಗುವುದಿಲ್ಲ. ಪೇಟೆಯಲ್ಲಿ ಇಳಿದು ನಡೆಯುವಾಗ ನಾನು ಅವಳ ಕಿವಿಯವರೆಗೆ ಬರುತ್ತೇನೆ. ಅವಳಿಗೆ ಆ ಚಪ್ಪಲಿಯಲ್ಲಿ ಬೇಗ ನಡೆಯಲಾಗುವುದಿಲ್ಲ, ಬಿದ್ದೇನೆಂದು ನನ್ನ ಹೆಗಲು ಹಿಡಿದುಕೊಳ್ಳುತ್ತಾಳೆ, ಅದು ಅವಳ ಕೈಗೆ ಸರಿಯಾದ ಎತ್ತರದಲ್ಲಿದೆ.